ಲೇ ಹೋಗಿ ರಿ ಬಂತು

ನನ್ನ ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ಅಂಟಿದ ರೋಗವೋ, ರೋಗ ಮೊದಲೇ ಇದ್ದದ್ದರಿಂದ ಇತಿಹಾಸ ಆರಿಸಿಕೊಂಡೆನೋ, ಅದೂ ಸರಿಯಾಗಿ ನೆನಪಿಲ್ಲ. ನೆನಪೆಂದರೆ ಮೂಲ ತೋರಿಸದ ಸುದ್ದಿ. ಯಾವಾಗಲೋ ಒಂದು ಚೂರು ನಡೆದಿರುತ್ತದೆ, ಅದಕ್ಕೆ ನಾವು ವರ್ಷವರ್ಷ ಒಗ್ಗರಣೆ ಹಾಕುತ್ತ ಹೋಗುತ್ತೇವೆ, ಕೊನೆಗೆ ಒಗ್ಗರಣೆಯೇ ಉಳಿದಿರುತ್ತದೆ. ತಮಾಷೆಯೆಂದರೆ, ಮೂಲ ತೋರಿಸದ ಸುದ್ದಿಯನ್ನು ಹುಡುಕಿ ಅಳಿಸುವುದೇ ನನ್ನ ಬಿಡುವಿನ ವೇಳೆಯ ಉದ್ಯೋಗ. ನನ್ನದೇ ನಿಯಮವನ್ನು ನನಗೂ ಹಚ್ಚಿದರೆ ಈ ಬರಹವನ್ನು ಇಲ್ಲಿಗೇ ಅಳಿಸಬೇಕಾಗುತ್ತದೆ. ಹಚ್ಚುವುದಿಲ್ಲ. ನಿಯಮ ಮಾಡುವವನಿಗೆ ಅಷ್ಟೂ ಸವಲತ್ತು ಇಲ್ಲದಿದ್ದರೆ ಆ ಕೆಲಸಕ್ಕೆ ಯಾರು ಬರುತ್ತಾರೆ?

ಗೋಕಾಕದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ನಾನು ‘ಆಟದ ಕಟ್ಟಿ’ ಎಂಬ ಆನ್‌ಲೈನ್ ಗುಂಪಿನ ಮಾಡರೇಟರ್. ವಿಡಿಯೋ ಗೇಮುಗಳ ಸುದ್ದಿ ಹಂಚಿಕೊಂಡು ಚರ್ಚಿಸುವ ಗುಂಪು ಅದು. ಯಾವ ಆಟ ಬರುತ್ತಿದೆ, ಯಾವುದು ಬರುತ್ತೇನೆಂದು ಹೇಳಿ ಬರಲಿಲ್ಲ, ಯಾವುದು ಬಂದರೂ ಬಾರದಂತೆಯೇ ಇದೆ ಎಂಬುದನ್ನೆಲ್ಲ ಗೋಕಾಕ, ಮೂಡಲಗಿ, ಹುಕ್ಕೇರಿಯ ಜನ ಅಲ್ಲಿ ಕಟ್ಟೆಯ ಮೇಲೆ ಕೂತವರಂತೆಯೇ ಮಾತಾಡುತ್ತಾರೆ. ನಾನು ಇಲ್ಲಿ ಮಾಡರೇಟರ್ ಆದದ್ದು ಆಟದಲ್ಲಿ ಪ್ರವೀಣನೆಂದಲ್ಲ. ಆಟ ಶುರುವಾದ ಕೂಡಲೇ ಮೊದಲ ಗುಂಡಿಗೆ ಬೀಳುವವನು ನಾನು. ಎದ್ದು ಬಂದರೆ ಅದೇ ಗುಂಡಿಗೆ ಇನ್ನೊಂದು ದಿಕ್ಕಿನಿಂದ ಬೀಳುತ್ತೇನೆ. ಆದರೆ ಕಾಗುಣಿತ ಸರಿಯಾಗಿ ಬರೆಯುತ್ತೇನೆ. ಗುಂಪು ಕಟ್ಟಿದ ಹುಡುಗರಲ್ಲಿ ಕೆಲವರು ನನ್ನ ಹಳೆಯ ವಿದ್ಯಾರ್ಥಿಗಳು, ಅವರಿಗೆ ಅಷ್ಟೇ ಸಾಕಾಯಿತು. ನನ್ನ ಹೆಂಡತಿ ಸುನಂದಾಳಿಗೆ ಈ ಹುದ್ದೆಯನ್ನು ಎಷ್ಟು ವಿವರಿಸಿದರೂ ಅವಳು ಅದನ್ನು ಒಂದೇ ಮಾತಿನಲ್ಲಿ ಮುಗಿಸಿದಳು: “ಅಂದ್ರ ಕಟ್ಟಿ ಕಾಯೂದು ಅನ್ರಿ. ಪಗಾರ ಇಲ್ಲದ್ದು.”

ಗುಂಪಿನ ಜೀವಾಳವೆಂದರೆ ಮಲ್ಲು ಮತ್ತು ಸಿದ್ದು. ಮಲ್ಲು ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಸಿದ್ದು ಹುಕ್ಕೇರಿಯಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಇಬ್ಬರೂ ಗೋಕಾಕದ ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆಯಲ್ಲಿದ್ದು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಒಟ್ಟಿಗೇ ನಿದ್ದೆ ಮಾಡಿದವರು. ಇವರು ಆಡುವುದು ಒಂದೇ ಆಟ, ಬೇಸಾಯದ್ದು. ಪರದೆಯ ಮೇಲೆ ಟ್ರ್ಯಾಕ್ಟರ್ ಓಡಿಸಿ ಹೊಲ ಹರಗಿ, ಗೋಧಿ, ಗೋವಿನಜೋಳ ಬೆಳೆದು ಮಾರುವುದು. ದಿನವೆಲ್ಲ ಟ್ರ್ಯಾಕ್ಟರುಗಳ ನಡುವೆಯೇ ಇದ್ದು ಸಂಜೆ ಮತ್ತೆ ಟ್ರ್ಯಾಕ್ಟರ್ ಆಟವೇ ಏಕೆಂದು ಒಮ್ಮೆ ಕೇಳಿದ್ದೆ. ಮಲ್ಲು ಹೇಳಿದ್ದ: “ಸರ, ಆ ಹೊಲದಾಗ ಕರೆಂಟ್ ಹೋಗೂದಿಲ್ರಿ. ಹಿಡಕಲ್ ಡ್ಯಾಮಿಂದ ಕಾಲವಿಗೆ ನೀರ ಬಿಟ್ರೋ ಇಲ್ಲೋ ಅಂತ ಕಾಯೂದಿಲ್ರಿ. ಅಲ್ಲಿ ಬಾಜೂ ಹೊಲದಾವ ಬದು ಒತ್ತಂಗಿಲ್ರಿ.” ಇಬ್ಬರೂ ಕೂಡಿ ಒಂದೇ ಹೊಲ ಮಾಡಿದ್ದರು. ವರ್ಷಗಟ್ಟಲೆ ದುಡಿದು ಅದನ್ನು ಬೆಳೆಸಿದ್ದರು. ಅದರಲ್ಲಿ ಬಾವಿ, ಕಣಜ, ಸಿದ್ದುವೇ ಪ್ರೀತಿಯಿಂದ ‘ಮೆಣಸಿ’ ಎಂದು ಹೆಸರಿಟ್ಟ ಒಂದು ಆಕಳು. ಒಂದೇ ಕೊರತೆಯೆಂದರೆ ಆ ಆಟದಲ್ಲಿ ಕಬ್ಬು ಇರಲಿಲ್ಲ. ನಮ್ಮ ಕಡೆಯವನಿಗೆ ಕಬ್ಬಿಲ್ಲದ ಹೊಲವೆಂದರೆ ಉಪ್ಪಿಲ್ಲದ ಝುಣಕ.

ಈ ಇಬ್ಬರು ಗುಂಪಿನಲ್ಲಿ ಮಾತಾಡುವ ರೀತಿಯೇ ಬೇರೆ. “ಎಲ್ಲಿ ಸತ್ತೀದೀಲೇ ಮುಂಜಾನಿಂದ?” ಎಂದರೆ ನಮಸ್ಕಾರ ಎಂದರ್ಥ. “ಲೇ ಮಗನ, ನಿನ್ನ ಟ್ರ್ಯಾಕ್ಟರ್ ನನ್ನ ಜ್ವಾಳ ತುಳದೈತಿ” ಎಂದರೆ ಹೇಗಿದ್ದೀಯ ಎಂದರ್ಥ. ಹೀಗೆ ಎಲ್ಲ ಸುಖವಾಗಿ ನಡೆದಿತ್ತು. ಅಷ್ಟರಲ್ಲಿ ದಕ್ಷಿಣದ ಕಡೆಯ ಒಬ್ಬ ಹೊಸ ಸದಸ್ಯರು ಸೇರಿಕೊಂಡರು. ಸೇರಿದ ವಾರದಲ್ಲೇ ನನಗೆ ಖಾಸಗಿಯಾಗಿ ಬರೆದರು: ‘ಗುಂಪಿನ ಮಾಹಿತಿ ಉತ್ತಮವಾಗಿದೆ. ಆದರೆ ಭಾಷೆ ಇಷ್ಟು ಅಸಭ್ಯವಾಗಿರುವುದನ್ನು ವಿದ್ಯಾವಂತರಾದ ತಾವು ಹೇಗೆ ಸಹಿಸುತ್ತೀರಿ?’

‘ವಿದ್ಯಾವಂತರಾದ ತಾವು’ ಎಂಬ ಎರಡು ಪದ ಸಾಕು, ನನ್ನಂಥವನು ಯಾವ ಮೂರ್ಖತನಕ್ಕೂ ಸಿದ್ಧ. ಇಷ್ಟು ದಿನ ನನ್ನ ಕಿವಿಗೆ ಸಲಿಗೆಯಾಗಿ ಕೇಳುತ್ತಿದ್ದದ್ದು ಒಮ್ಮೆಲೇ ಬೈಗುಳವಾಗಿ ಕೇಳತೊಡಗಿತು. ನಿಯಮ ಮಾಡಿದೆ: ಎಲ್ಲರೂ ಪರಸ್ಪರ ಬಹುವಚನದಲ್ಲಿ, ‘ರಿ’ ಹಚ್ಚಿ ಮಾತಾಡತಕ್ಕದ್ದು, ‘ಲೇ’ ನಿಷಿದ್ಧ. ಕೈಯಿಂದ ಅಳಿಸುತ್ತ ಕೂರುವುದೇಕೆಂದು ಗುಂಪಿನ ಕಾವಲಿಗೆ ಇಟ್ಟಿದ್ದ ಪುಟ್ಟ ಪ್ರೋಗ್ರಾಮಿಗೆ, ‘ಲೇ’ ಕಂಡಲ್ಲಿ ಸಂದೇಶವನ್ನು ಅಳಿಸಿ, ‘ದಯವಿಟ್ಟು ಸಭ್ಯ ಭಾಷೆ ಬಳಸಿ’ ಎಂದು ಎಚ್ಚರಿಸು ಎಂದು ಕಲಿಸಿದೆ. ಆಮೇಲೆ ಗುಂಪಿನಲ್ಲಿ ಗಂಭೀರವಾಗಿ ಬರೆದೆ: ‘ಇನ್ನು ಮುಂದೆ ಲೇ ಎಂಬ ಪದ ಬಳಸುವಂತಿಲ್ಲ.’ ಪ್ರೋಗ್ರಾಮು ಅದನ್ನು ತಕ್ಷಣ ಅಳಿಸಿ, ದಯವಿಟ್ಟು ಸಭ್ಯ ಭಾಷೆ ಬಳಸಿ ಎಂದು ನನಗೇ ಹೇಳಿತು.

ಅಷ್ಟಕ್ಕೇ ಎಚ್ಚರಾಗಬೇಕಿತ್ತು. ಆಗಲಿಲ್ಲ. ಯಂತ್ರಕ್ಕೆ ‘ಲೇ’ ಎಂಬ ಅಕ್ಷರ ಗೊತ್ತು, ಪದ ಗೊತ್ತಿಲ್ಲ. ಅಂದು ಮಧ್ಯಾಹ್ನ ‘ಗೇಮ್‌ಪ್ಲೇ ಚಲೋ ಐತಿ’ ಎಂದವನ ಮಾತು ಮಾಯವಾಯಿತು. ‘ಪ್ಲೇಯರ್’ ಎಂದವನದೂ ಹೋಯಿತು. ಗೇಮಿನ ಲೋಕದ ಸುದ್ದಿಯಲ್ಲಿ ಅರ್ಧಕ್ಕರ್ಧ ‘ಡಿಲೇ’ ಆಗಿದೆ ಎಂಬುದೇ ಇರುತ್ತದೆ, ಅದಷ್ಟೂ ಹೋಯಿತು. ‘ಅಲ್ಲೇ’, ‘ಇಲ್ಲೇ’, ‘ಈಗಲೇ’ ಎಲ್ಲ ಅಸಭ್ಯವಾದವು. ಗುಂಪಿನಲ್ಲಿ ಉಳಿದದ್ದು ಎಚ್ಚರಿಕೆಗಳ ಸಾಲು ಮಾತ್ರ, ಶಾಲೆಯ ಗೋಡೆಯ ಮೇಲೆ ಬರೆದ ಸುಭಾಷಿತಗಳಂತೆ. ಬಿಡಿಯಾಗಿ ಬಂದ ‘ಲೇ’ಯನ್ನಷ್ಟೇ ಹಿಡಿ ಎಂದು ತಿದ್ದೋಣವೆಂದರೆ, ನಮ್ಮ ಜನ ‘ಲೇ’ಯನ್ನು ಬಿಡಿಯಾಗಿ ಎಲ್ಲಿ ಬಳಸುತ್ತಾರೆ? ಹೌದಲೇ, ಬಾರಲೇ, ಏನಲೇ. ಸಂಜೆಗೆ ಸೋತು ಪ್ರೋಗ್ರಾಮನ್ನು ತೆಗೆದುಹಾಕಿದೆ. ನಿಯಮವನ್ನು ಮಾತ್ರ ಉಳಿಸಿಕೊಂಡೆ. ಮೇಷ್ಟ್ರು ಮಾಡಿದ ನಿಯಮವೆಂದು ಹುಡುಗರು ಪಾಲಿಸಿದರು. ಯಂತ್ರ ಹೋದರೂ ರಿ ನಿಂತಿತು.

ಆಗ ಸಿದ್ದು ಒಂದು ಸುದ್ದಿ ಹಾಕಿದ. ಬೇಸಾಯದ ಆಟದ ಹೊಸ ಆವೃತ್ತಿಯಲ್ಲಿ ಕಬ್ಬು ಬರಲಿದೆ ಎಂದು, ಜೊತೆಗೆ ಒಂದು ಮಸುಕು ಚಿತ್ರ. ಹಿಂದಿನ ದಿನಗಳಲ್ಲಾಗಿದ್ದರೆ ಮಲ್ಲು, “ಕನಸಿನ್ಯಾಗ ಬಂತೇನಲೇ ಇದು?” ಎಂದು ಕೇಳುತ್ತಿದ್ದ. ಸಿದ್ದು ನಾಲ್ಕು ಮಾತು ಬೈದು ಎಲ್ಲಿ ಓದಿದ್ದೆಂದು ಹೇಳುತ್ತಿದ್ದ. ಈ ಸಲ ಮಲ್ಲು ಬರೆದ: ‘ಸಿದ್ದಪ್ಪನವರೇ, ಈ ಸುದ್ದಿಯ ಮೂಲವನ್ನು ದಯವಿಟ್ಟು ತಿಳಿಸುವಿರಾ?’ ಸಿದ್ದು ಉತ್ತರಿಸಿದ: ‘ಮಲ್ಲಪ್ಪನವರೇ, ತಮ್ಮಂಥ ದೊಡ್ಡವರಿಗೆ ಮೂಲ ತೋರಿಸುವ ಯೋಗ್ಯತೆ ನನಗಿಲ್ಲ.’ ಅದಕ್ಕೆ ಮಲ್ಲು: ‘ತಮ್ಮ ಯೋಗ್ಯತೆ ನನಗೆ ಮೊದಲಿನಿಂದಲೂ ಗೊತ್ತಿದೆ, ಕ್ಷಮಿಸಿ.’

ಓದಿ ನನಗೆ ಕಣ್ಣು ತುಂಬಿ ಬಂತು. ಎಂಥ ಸಂಸ್ಕಾರ! ಆ ಮೂರೂ ಸಂದೇಶಗಳನ್ನು, ಚರ್ಚೆ ಹೀಗಿರಬೇಕು ಎಂಬ ತಲೆಬರಹ ಕೊಟ್ಟು ಗುಂಪಿನ ಮೇಲ್ಭಾಗದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿದೆ. ಅಂದಿನ ನನ್ನ ಡೈರಿಯಲ್ಲಿ ‘ಗುಂಪಿನಲ್ಲಿ ಶಾಂತಿ’ ಎಂದಷ್ಟೇ ಇದೆ. ಮುಂದೊಮ್ಮೆ ಯಾರಾದರೂ ಇತಿಹಾಸಕಾರ ಅದನ್ನು ನಂಬಿದರೆ ಅವನ ಹಣೆಬರಹ.

ಸಿದ್ದು ಫೋನ್ ಮಾಡಿದಾಗಲೇ ಅದು ಶಾಂತಿಯಲ್ಲವೆಂದು ನನಗೆ ತಿಳಿದದ್ದು. ಧ್ವನಿ ಸತ್ತಿತ್ತು.

“ಸರ, ನಾ ಏನರ ತಪ್ಪ ಮಾಡೇನೇನ್ರಿ?”

“ಯಾಕೋ, ಏನಾತು?”

“ಮಲ್ಲ್ಯಾ ನನಗ ಸಿದ್ದಪ್ಪನವರೇ ಅಂದಾನ್ರಿ. ನನ್ನ ಲಗ್ನಪತ್ರಿಕಿ ಬಿಟ್ಟರ ಹಂಗ ಯಾರೂ ಅಂದಿಲ್ರಿ. ಫೋನ್ ಹಚ್ಚಿದ್ರ, ಹೇಳ್ರಿ ಅಂತಾನ. ಹೇಳ್ರಿ ಅಂದ ಮ್ಯಾಲ ಏನ್ ಹೇಳೂದ್ರಿ?”

ಅದೇ ದಿನ ಮಲ್ಲುವಿನ ಫೋನೂ ಬಂತು. “ಅಂವ ದೊಡ್ಡಾಂವ ಆಗ್ಯಾನ್ರಿ ಸರ. ರಿ ಹಚ್ಚಿ ಮಾತಾಡಾಕತ್ತಾನ. ಇನ್ನ ಕೂಡಿ ಹೊಲಾ ಮಾಡೂದು ಬ್ಯಾಡ್ರಿ. ಪಾಲ ಮಾಡಿಕೊಂಡ ಬಿಡತೇವಿ. ನೀವು ನಡಕ ಕುಂದರಬೇಕ್ರಿ.”

ನಿಜವಾದ ಹೊಲ ಪಾಲಾಗುವುದನ್ನು ಕಂಡಿದ್ದೇನೆ. ಪರದೆಯ ಮೇಲಿನ ಹೊಲಕ್ಕೆ ಪಂಚನಾಗಿ ಕೂರುವ ಕರೆ ಬಂದದ್ದು ಗೋಕಾಕ ತಾಲೂಕಿನಲ್ಲಿ ನನಗೇ ಮೊದಲಿರಬೇಕು. ಸುನಂದಾಳಿಗೆ ಹೇಳಿದೆ. ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತ ತಲೆಯೆತ್ತದೆ, “ಅಲ್ರಿ, ನಮ್ಮ ಕಡೆ ಗೆಳ್ಯಾರು ರಿ ಅನ್ನೂದು ಮಾತು ಬಿಟ್ಟಾಗ. ನೀವು ಇಬ್ಬರಿಗೂ ಮಾತು ಬಿಡ್ರಿ ಅಂತ ರೂಲ್ ಮಾಡೀರಿ” ಎಂದಳು. ನಾನು ರೂಲಿನ ಉದ್ದೇಶ ವಿವರಿಸಹೊರಟೆ. “ಹೌದ್ರಿ, ಉದ್ದೇಶ ಚಲೋ ಇತ್ರಿ” ಎಂದಳು. ಆ ವಾಕ್ಯದಲ್ಲಿ ಎರಡು ರಿ ಇದ್ದವೆಂದು ನನಗೆ ಹೊಳೆದದ್ದು ಆಮೇಲೆ.

ಗೋಕಾಕ ಇಬ್ಬರಿಗೂ ನಡುವೆಯಾದ್ದರಿಂದ ರವಿವಾರ ನಮ್ಮ ಮನೆಯಲ್ಲೇ ಸೇರುವುದೆಂದಾಯಿತು. ಮಲ್ಲು ಬೈಕಿನಲ್ಲಿ, ಸಿದ್ದು ಬಸ್ಸಿನಲ್ಲಿ ಬಂದ.

“ಕುಂದರ್ರಿ,” ಎಂದ ಮಲ್ಲು.

“ಮೊದಲ ನೀವ ಕುಂದರ್ರಿ.”

“ಹೆಂಗ್ರಿ, ನೀವ ದೂರಿಂದ ಬಂದೀರಿ.”

ಇಬ್ಬರೂ ನಿಂತೇ ಇದ್ದರು. ಸುನಂದಾ ಕರದಂಟಿನ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. “ಗೆಳ್ಯಾರು ಬರ್ತಾರ ಅಂದಿದ್ರಿ, ಇವರು ನೋಡಿದ್ರ ಬೀಗರಂಗ ಕಾಣ್ತಾರಲ್ರಿ” ಎಂದು ನನ್ನ ಕಿವಿಯಲ್ಲಿ ಹೇಳಿದಳು, ಎಲ್ಲರಿಗೂ ಕೇಳುವಂತೆ.

ಮಲ್ಲು ಲ್ಯಾಪ್‌ಟಾಪ್ ತೆರೆದ. ಹೊಲ ಹಸಿರಾಗಿ ನಿಂತಿತ್ತು. ಮೆಣಸಿ ಮೇಯುತ್ತಿತ್ತು. ಬಾವಿ ನಿಮಗಿರಲಿ ಎಂದ ಇವನು. ಬ್ಯಾಡ್ರಿ, ಬಾವಿ ನೀವ ತೋಡಿದ್ದು ಎಂದ ಅವನು. ಮೆಣಸಿಯ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ ಆ ಆಟದಲ್ಲಿ ಹೊಲ ಪಾಲು ಮಾಡಲು ಬರುವುದೇ ಇಲ್ಲ. ಇಟ್ಟುಕೊಳ್ಳಬೇಕು, ಇಲ್ಲವೇ ಅಳಿಸಬೇಕು.

“ಹಂಗಾರ ಅಳಸಿ ಬಿಡೂದ ಚಲೋ ಅಲ್ರಿ?” ಎಂದ ಮಲ್ಲು.

“ನಿಮ್ಮ ಇಚ್ಛಾ ರಿ,” ಎಂದ ಸಿದ್ದು, ಗೋಡೆ ನೋಡುತ್ತ.

ಪರದೆಯ ಮೇಲೆ ‘ಖಂಡಿತವಾಗಿಯೂ ಅಳಿಸಬೇಕೆ?’ ಎಂಬ ಪ್ರಶ್ನೆ ಬಂದು ನಿಂತಿತು. ಮಲ್ಲುವಿನ ಬೆರಳೂ ನಿಂತಿತು. ಇದೇ ಸಮಯವೆಂದು ನಾನು ಮಾತಾಡಿದೆ. ರಾಜ್ಯಗಳು ಒಡೆದದ್ದು, ಸಹಬಾಳ್ವೆ, ಸಂವಾದದ ಮಹತ್ವ ಎಂದೆಲ್ಲ ಹೇಳಿದೆ. ಹಳೆಯ ಅಭ್ಯಾಸವಿರಬೇಕು, ಸಿದ್ದು ಆಕಳಿಸಿದ.

ಆಗ ಮೂವರ ಮೊಬೈಲೂ ಒಟ್ಟಿಗೆ ಸದ್ದು ಮಾಡಿದವು. ಗುಂಪಿನಲ್ಲಿ ಯಾರೋ ಹಾಕಿದ್ದರು: ಆಟದ ಕಂಪನಿಯವರೇ ಹೊಸ ಆವೃತ್ತಿಯ ವಿಡಿಯೋ ಬಿಟ್ಟಿದ್ದರು, ಕಬ್ಬಿನದು! ಮೂರು ತಲೆಗಳು ಒಂದೇ ಮೊಬೈಲಿನ ಮೇಲೆ ಬಾಗಿದವು. ವಿಡಿಯೋದಲ್ಲಿ ಒಂದು ಹೊಳೆಯುವ ಟ್ರ್ಯಾಕ್ಟರ್ ಬಂತು. ಅದರ ಹಿಂದೆ ಬಿತ್ತನೆ ಯಂತ್ರ. ಯಂತ್ರ ಸರಸರನೆ ಕಾಳು ಉದುರಿಸುತ್ತ ಹೋಯಿತು. ಹಿಂದೆಯೇ ಸಾಲುಸಾಲಾಗಿ ಕಬ್ಬು ಎದ್ದಿತು. ತುಂಡು ನೆಟ್ಟು ಬೆಳೆಯುವ ಕಬ್ಬನ್ನು ಆ ಪುಣ್ಯಾತ್ಮರು ಜೋಳದಂತೆ ಬಿತ್ತಿದ್ದರು.

ಆಮೇಲೆ ನಡೆದದ್ದು ನನಗೆ ಗೊಂದಲ ಗೊಂದಲವಾಗಿ ನೆನಪಿದೆ.

“ಕಬ್ಬ ಬಿತ್ತಾಕತ್ತಾನಲೇ ಇಂವ!”

“ಉಗ್ಗಿದ್ರ ಏಳಾಕ ಅದೇನ್ ಹೆಸರಕಾಳ ಏನಲೇ!”

“ನಾ ಹೇಳಿರಲಿಲ್ಲೇನಲೇ ಮಲ್ಲ್ಯಾ, ಕಬ್ಬ ಬರ್ತೈತಿ ಅಂತ? ಮೂಲ ಬೇಕಂತ ಮೂಲ! ತಗೋ ಮೂಲ!”

“ಬಂದೈತಿ, ಹುಲ್ಲಾಗಿ ಬಂದೈತಿ ಮಗನ! ಇದನ್ನ ಗಾಣಕ್ಕ ಹಾಕಿದ್ರ ಬೆಲ್ಲ ಬರಂಗಿಲ್ಲ, ಮೆಣಸಿಗೆ ಹಾಕಿದ್ರ ಹಾಲ ಬರ್ತೈತಿ!”

“ಸರಿಯಲೇ ಅತ್ತಾಗ!” ಎಂದು ಸಿದ್ದು ಮಲ್ಲುವನ್ನು ಮೊಣಕೈಯಿಂದ ತಳ್ಳಿ ಲ್ಯಾಪ್‌ಟಾಪ್ ಎಳೆದುಕೊಂಡ. ಅಳಿಸಬೇಕೆ ಎಂಬ ಪ್ರಶ್ನೆಗೆ ‘ಬೇಡ’ ಒತ್ತಿದ. ಕಬ್ಬು ಹಾಕುವುದಾದರೆ ಬಾವಿಯ ಪಕ್ಕದ ಗೋಧಿ ಮೊದಲು ಕೊಯ್ಯಬೇಕಲ್ಲ ಎಂಬ ಜಗಳ ಶುರುವಾಯಿತು. ಇಬ್ಬರ ಬಾಯಲ್ಲೂ ಕರದಂಟಿತ್ತು, ಬೈಗುಳ ಅಂಟಂಟಾಗಿ ಬರುತ್ತಿತ್ತು. ಒಳಗಿಂದ ಸುನಂದಾ ಕೂಗಿದಳು: “ಪಾಲ ಆತೇನ್ರಿ?”

“ಇಲ್ಲ, ಮೊದಲಿಗಿಂತ ಜೋರು ಬೈದಾಡಾಕತ್ತಾರ,” ಎಂದೆ.

“ಚಲೋ ಆತು. ಚಾ ಇಡ್ತೇನಿ.”

ಅಂದು ಸಂಜೆಯೇ ನಿಯಮವನ್ನು ತೆಗೆದೆ. ಅಂಟಿಸಿದ್ದ ಆದರ್ಶ ಚರ್ಚೆಯನ್ನೂ ಕಿತ್ತೆ. ಭಾಷೆಯ ಬಗ್ಗೆ ದೂರಿದ್ದ ಸದಸ್ಯರಿಗೆ ವಿವರಣೆ ಬರೆಯಹೋದರೆ, ಅವರು ಎಂದೋ ಗುಂಪು ಬಿಟ್ಟು ಹೋಗಿದ್ದರು. ಬಹುಶಃ ಗೇಮ್‌ಪ್ಲೇ ಬಗ್ಗೆ ಏನೋ ಬರೆದು ಅಸಭ್ಯರೆನಿಸಿಕೊಂಡಿರಬೇಕು.

ಊಟಕ್ಕೆ ಮುಂಚೆ ಡೈರಿ ಬರೆಯುತ್ತ ಸುನಂದಾಳನ್ನು ಕೇಳಿದೆ, ಮೊದಲು ಲೇ ಅಂದವನು ಯಾರು, ಮಲ್ಲುವೋ ಸಿದ್ದುವೋ. ನನ್ನ ನೆನಪಿನಲ್ಲಿ ಇಬ್ಬರೂ ಒಟ್ಟಿಗೇ ಅಂದಿದ್ದರು. ಅವಳು ನಕ್ಕಳು. “ನೀವ ಅಂದ್ರಿ. ಕಬ್ಬ ಬಿತ್ತಾಕತ್ತಾನಲೇ ಅಂತ ಒದರಿದ್ದು ನೀವ. ಹಾಲು ಉಕ್ಕೂದು ಬಿಟ್ಟು ನಾ ಒಳಗಿಂದನ ಕಿವಿ ಕೊಟ್ಟೆ.”

ಸಾಧ್ಯವೇ ಇಲ್ಲ! ಒಬ್ಬಳೇ ಸಾಕ್ಷಿ, ಅದೂ ಅಡುಗೆಮನೆಯಿಂದ. ಇನ್ನೊಂದು ಮೂಲವಿಲ್ಲದೆ ಒಪ್ಪುವಂತಿಲ್ಲವೆಂದು ಮಲ್ಲುವಿಗೆ ಫೋನ್ ಮಾಡಿದೆ. ಅವನು ಬಹಳ ಹೊತ್ತು ತಡವರಿಸಿ, “ನೀವು ಅಂದ್ರಿ ಅಂತ ನಾವ್ ಹೆಂಗ ಹೇಳೂದ್ರಿ ಸರ. ನೀವು ದೊಡ್ಡವರ್ರಿ” ಎಂದ. ಸಿದ್ದುವನ್ನು ಕೇಳಿದೆ. “ನಾವಂತೂ ಕೇಳಿಲ್ಲ ಬಿಡ್ರಿ ಸರ. ಕೇಳಿದ್ರೂ ಕೇಳಿಲ್ರಿ” ಎಂದ.

ಫೋನಿಟ್ಟು ಯೋಚಿಸಿದೆ. ಗುಂಪಿನಲ್ಲಿ ಎಲ್ಲರೂ ಎಲ್ಲರಿಗೂ ಮತ್ತೆ ಲೇ ಅನ್ನತೊಡಗಿದ್ದರು. ನನಗೆ ಮಾತ್ರ ಮೊದಲಿನಂತೆಯೇ ರಿ. ಇಷ್ಟು ವರ್ಷ ಅದನ್ನು ಗೌರವವೆಂದು ಲೆಕ್ಕ ಹಿಡಿದಿದ್ದೆ. ಈಗ, ಗೆಳೆಯರು ರಿ ಅನ್ನುವುದು ಯಾವಾಗ ಎಂದು ತಿಳಿದ ಮೇಲೆ, ಹಿಂದಿನದನ್ನೆಲ್ಲ ಮತ್ತೆ ಓದಬೇಕೆನಿಸಿತು. ಓದಲು ಧೈರ್ಯ ಬರಲಿಲ್ಲ.

ಅಡುಗೆಮನೆಯಿಂದ ಸುನಂದಾ ಕರೆದಳು: “ಏನ್ರಿ, ಊಟಕ್ಕ ಬರ್ತೀರೇನ್ರಿ, ಇಲ್ಲಾ ಇನ್ನೂ ಕಟ್ಟಿ ಕಾಯಾವ್ರ ಅದೀರೇನ್ರಿ?”

ಮೂರು ರಿ. ನಾನು ಏನು ತಪ್ಪು ಮಾಡಿದ್ದೇನೆಂದು ನೆನಪಿಸಿಕೊಳ್ಳುತ್ತ ಎದ್ದೆ.