ಭುಜಂಗರಾಯರ ಕ್ಲಚ್ಚಿಲ್ಲದ ಗಾಡಿ

ನಾಸಿಕದಲ್ಲಿ ಗೋದಾವರಿಗೆ ಎಷ್ಟು ಮಹಿಮೆಯೋ, ಭುಜಂಗರಾಯರ ಎಡಗಾಲಿಗೆ ಅದಕ್ಕಿಂತ ಒಂದು ಗುಲಗಂಜಿಯಷ್ಟೇ ಕಡಿಮೆ. ಯೌವನದಲ್ಲಿ ಮೂರು ವರ್ಷ ಅವರು ಆಗುಂಬೆ ಘಾಟಿ ಹತ್ತುವ ಸರ್ವೀಸ್ ಬಸ್ಸಿನ ಚಾಲಕರಾಗಿದ್ದರು. ಆಮೇಲೆ ಉಡುಪಿ ಬಿಟ್ಟು ನಾಸಿಕಕ್ಕೆ ಬಂದು, ಪಂಚವಟಿಯ ಹತ್ತಿರ ಹೋಟೆಲು ಹಾಕಿ, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಹದಿನೆಂಟು ವರ್ಷವಾಗಿತ್ತು. ಬಸ್ಸು ಹೋಯಿತು, ಘಾಟಿ ಹೋಯಿತು, ಕಾಲು ಮಾತ್ರ ನೌಕರಿ ಬಿಡಲಿಲ್ಲ. ಗಿರಾಕಿ ಎದ್ದು ಬಂದರೆ ಅದು ತಾನಾಗಿ ಕ್ಲಚ್ಚು ಒತ್ತುತ್ತಿತ್ತು. ಚಿಲ್ಲರೆ ಕೊಟ್ಟ ಮೇಲೆ ಮೆಲ್ಲಗೆ ಬಿಡುತ್ತಿತ್ತು. ಗಲ್ಲೆಯ ಕೆಳಗಿನ ಶಹಾಬಾದಿ ಕಲ್ಲು ಸವೆದು, ಒಂದು ಹಿಡಿ ಉದ್ದು ನೆನೆಹಾಕುವಷ್ಟು ಕುಳಿ ಬಿದ್ದಿತ್ತು. ರಾಯರು ನಿದ್ದೆಯಲ್ಲಿ ಘಾಟಿ ಹತ್ತುವ ದಿನ ಹೆಂಡತಿ ಜಲಜಾಕ್ಷಿ ಚಾಪೆಯನ್ನು ಗೋಡೆಯ ಬದಿಗೆ ಎಳೆದುಕೊಳ್ಳುತ್ತಿದ್ದಳು. ಹದಿನಾಲ್ಕು ತಿರುವೂ ಮುಗಿದು ಬಸ್ಸು ಸಪಾಟಾದ ದಾರಿಗೆ ಬಂದ ಮೇಲೆ ಮರಳಿ ತರುತ್ತಿದ್ದಳು.

ಇಸವಿ ಅರವತ್ತೊಂಬತ್ತರ ಮಳೆಗಾಲದಲ್ಲಿ ಈ ಕಾಲಿಗೆ ಮತ್ತೆ ಕರೆ ಬಂತು. ಇಗತಪುರಿಯ ಆಚೆ ಗುಡ್ಡದಲ್ಲಿ ಅಣೆಕಟ್ಟು ಕಟ್ಟುವವರ ಕ್ಯಾಂಟೀನು ರಾಯರಿಗೆ ಸಿಕ್ಕಿತು. ನಾಸಿಕದ ಇಡ್ಲಿ ಸಾಂಬಾರು ಪ್ರತಿ ಬೆಳಿಗ್ಗೆ ಆ ಕೆಸರುಗುಡ್ಡ ಹತ್ತಬೇಕು. ನಾಲ್ಕು ಚಕ್ರಕ್ಕೂ ಬಲ ಹರಿಯುವ ಗಾಡಿಯಿಲ್ಲದೆ ಅದು ಆಗುವ ಮಾತಲ್ಲ.

ಜಲಜಾಕ್ಷಿಯ ತಮ್ಮ ರತ್ನಾಕರ ಹೋಟೆಲಿನ ಮ್ಯಾನೇಜರು. ಅವನು ಆಗಲೇ ಗಾಡಿ ನೋಡಿಟ್ಟಿದ್ದ.

"ಭಾವಾ, ದೇವಳಾಲಿಯಲ್ಲಿ ಮಿಲಿಟರಿಯವರು ಹರಾಜಿಗಿಟ್ಟ ಜೀಪುಂಟು. ಗಟ್ಟಿ ಗೇರು. ನಾನೇ ದಿನಾ ಓಡಿಸ್ತೇನೆ. ನೀವು ಆರಾಮ ಗಲ್ಲೆಯಲ್ಲಿ ಕೂತ್ಕೊಳ್ಳಿ."

ರಾಯರು ಲೆಕ್ಕ ಹಾಕಿದರು. ಗೇರಿನ ಜೀಪು ಬಂದರೆ ಓಡಿಸಲು ರತ್ನಾಕರನಿದ್ದಾನೆ, ವಯಸ್ಸಿದೆ, ಲೈಸನ್ಸಿದೆ. ತಮಗೆ ಸಾಯುವ ತನಕ ಗಲ್ಲೆ. ಹಾಗಾಗಬಾರದೆಂದರೆ ಬೇರೆ ಯಾರಿಗೂ ಓಡಿಸಲು ಬಾರದ ಗಾಡಿ ಬೇಕು. ಔರಂಗಾಬಾದಿನ ಚಿಕಲಠಾಣಾದಲ್ಲಿ ಗೋದಾಮು ಇಟ್ಟಿದ್ದ ಬೀದರದ ವಿಶ್ವನಾಥಪ್ಪನವರ ಹತ್ತಿರ ಅಂಥದ್ದೊಂದು ಇದೆಯೆಂದು ಅವರು ಕೇಳಿದ್ದರು. ಕಾರ್ಖಾನೆ ಕಟ್ಟಿಸಲು ಬಂದಿದ್ದ ಅಮೆರಿಕದ ಎಂಜಿನಿಯರನೊಬ್ಬ ಬಿಟ್ಟುಹೋದದ್ದು. ನಾಲ್ಕು ಚಕ್ರಕ್ಕೂ ಬಲ ಹರಿಯುತ್ತದಂತೆ, ಗೇರು ತಾನೇ ಬೀಳುತ್ತದಂತೆ.

"ಗೇರಿಲ್ಲದ ಗಾಡಿ ಅಂದ್ರೆ ಒಗ್ಗರಣೆ ಇಲ್ಲದ ಸಾರು" ಎಂದ ರತ್ನಾಕರ.

"ಅದನ್ನು ಪಳಗಿಸಲಿಕ್ಕೆ ಗಂಡಸು ಬೇಕು" ಎಂದರು ರಾಯರು. "ಈ ನಾಸಿಕ ಜಿಲ್ಲೆಯಲ್ಲಿ ಅಂಥವನು ಒಬ್ಬನೇ."

ಜಲಜಾಕ್ಷಿ ಇಬ್ಬರ ಮಧ್ಯೆ ತೀರ್ಪು ಕೊಟ್ಟಳು. "ನಾನೂ ಬರ್ತೇನೆ. ಗಾಡಿ ನೆಟ್ಟಗೆ ಮನೆಗೆ ಬಂದ್ರೆ ಸ್ಟಿಯರಿಂಗು ನಿಮ್ಮದು. ಬಾರದಿದ್ರೆ ದೇವಳಾಲಿ ಜೀಪು, ನೀವು ಗಲ್ಲೆಗೆ."

ಚಿಕಲಠಾಣಾದ ಗೋದಾಮಿನ ಮೂಲೆಯಲ್ಲಿ ಅದು ತಾಡಪಾಲು ಹೊದ್ದು ನಿಂತಿತ್ತು. ವಿಶ್ವನಾಥಪ್ಪನವರು ಹೊದಿಕೆ ಎಳೆದರು. ಒಂದು ಸಣ್ಣ ಕೋಣೆಯಷ್ಟು ದೊಡ್ಡ ಗಾಡಿ. ಎಂಟು ತಿಂಗಳಿಂದ ಕತ್ತಲಲ್ಲಿದ್ದರೂ ಮೈಮೇಲೆ ಧೂಳಿರಲಿಲ್ಲ. ಸ್ಟಿಯರಿಂಗು ಎಡಗಡೆ. ಮುಂದಿನ ಸೀಟು ಸೋಫಾದ ಹಾಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ.

"ಇದಕ್ಕ ಕ್ಲಚ್ಚ ಇಲ್ರಿ ರಾಯರ. ಎರಡೇ ಪೆಡಲ. ಈ ಕಡ್ಡಿ 'ಡಿ' ಮ್ಯಾಗ ತಂದಿಟ್ರ ಮುಗೀತು, ತಾನೇ ನಡೀತದ. ಬ್ಯಾಟರಿ ಸೋತದ, ನಾಸಿಕ ಮುಟ್ಟೋ ತನಕ ಇಂಜಿನ್ ಬಂದ್ ಮಾಡಬ್ಯಾಡ್ರಿ." ಅವರು ದನಿ ತಗ್ಗಿಸಿದರು. "ಚೌಕೀದಾರ ಹೇಳ್ತಾನ, ಮಳಿ ಬರೋ ಮುಂದ ಇದು ತಾನೇ ನಾಲ್ಕ ಮಾರು ಸರೀತದಂತ. ನಾ ನಂಬಂಗಿಲ್ರಿ. ಆದ್ರ ಹೊತ್ತು ಮುಳುಗಿದ ಮ್ಯಾಗ ಈ ಕಡಿ ಬರಂಗಿಲ್ಲ."

ಜಲಜಾಕ್ಷಿ ಗಂಡನ ಮುಖ ನೋಡಿದಳು. ಗಂಡ ಛಾವಣಿ ನೋಡಿದರು.

"ಮತ್ತ ಒಂದ್ ಮಾತ್ರಿ. ಗಾಡಿ ಇಳಿಯೋ ಮುಂದ ಕಡ್ಡಿ..."

"ವಿಶ್ವನಾಥಪ್ಪನವರೇ, ಆಗುಂಬೆ ಹತ್ತಿಸಿದವನಿಗೆ ಇಳಿಯುದು ಹೇಗೆ ಅಂತ ಹೇಳಿಕೊಡ್ತೀರಾ?"

"ಬರೋಬ್ಬರಿ ಅದ. ನಾ ಹೇಳಂಗಿಲ್ರಿ ಮತ್ತ."

ರಾಯರು ಕಡ್ಡಿಯನ್ನು 'ಡಿ'ಗೆ ತಂದರು. ಗಾಡಿ ಸದ್ದಿಲ್ಲದೆ ಹೊರಟಿತು. ಅದೇ ಮೊದಲ ಅಪಶಕುನ. ಗೇರು ಕರಕರ ಎನ್ನಬೇಕು, ಇಂಜಿನ್ನು ಏದುಸಿರು ಬಿಡಬೇಕು. ಗಾಡಿ ಎಂದರೆ ಹಾಗೆ. ಇದು ದೇವಸ್ಥಾನದ ಅಂಗಳದಲ್ಲಿ ಯಾರೋ ಬರಿಗಾಲಲ್ಲಿ ಬಂದ ಹಾಗೆ ಬರುತ್ತಿತ್ತು.

ಮಧ್ಯಾಹ್ನ ಮೂರು ಗಂಟೆ. ಮೋಡ ಎಷ್ಟು ಕೆಳಗಿಳಿದಿತ್ತೆಂದರೆ ರಾಯರು ದೀಪ ಹಾಕಬೇಕಾಯಿತು. ವೈಜಾಪುರದ ಈಚೆ ಒಂದು ಒಂಟಿ ಹುಣಸೆಮರ. ಅಲ್ಲಿ ಸಣ್ಣ ಏರು. ಗಾಡಿ ಇನ್ನೇನು ಹತ್ತಬೇಕು, ಯಾರೋ ಹಿಂದಿನಿಂದ ಸೊಂಟ ಹಿಡಿದು ಎಳೆದಂತೆ ಗಕ್ಕನೆ ನಿಂತಿತು. ಜಲಜಾಕ್ಷಿಯ ಹಣೆ ಮುಂದಿನ ಹಲಗೆಗೆ ಬಡಿಯಿತು.

"ಎಂತಾಯ್ತು?"

"ನಾನು ಎಂತ ಮಾಡ್ಲಿಲ್ಲ" ಎಂದರು ರಾಯರು. ಅವರು ನಿಜವನ್ನೇ ಹೇಳುತ್ತಿದ್ದರು, ತಮ್ಮ ಮಟ್ಟಿಗೆ.

ಎರಡು ಮೈಲಿ ಮುಂದೆ ಪಾಳುಬಿದ್ದ ಒಂದು ಗೋರಿ. ಅಲ್ಲಿಯೂ ಏರು, ಅಲ್ಲಿಯೂ ಗಕ್ಕನೆ ನಿಂತಿತು, ಅಲ್ಲಿಯೂ ಅದೇ ಹಣೆ. ಕುಂಕುಮ ಕದಡಿ ಮೂಗಿನ ತನಕ ಇಳಿಯಿತು. ಜಲಜಾಕ್ಷಿ ಕೈವಸ್ತ್ರ ಒದ್ದೆ ಮಾಡಿ ಹಣೆಯಿಂದ ಕಣ್ಣಿನವರೆಗೆ ಕಟ್ಟಿಕೊಂಡು, ಕೈ ಮಡಿಲಲ್ಲಿಟ್ಟು, ಸುಮ್ಮನೆ ಒರಗಿದಳು.

ಇಲ್ಲಿಂದ ಮುಂದೆ ದಾರಿಯೇ ಬದಲಾಯಿತು. ಎದುರಿನಿಂದ ಬಂದ ಸೈಕಲ್ಲಿನವನೊಬ್ಬ ಗಾಡಿಯನ್ನು ಕಂಡದ್ದೇ ಸೈಕಲ್ಲು ಸಮೇತ ಕಬ್ಬಿನ ಗದ್ದೆಗೆ ನುಗ್ಗಿದ. ಕುರಿ ಕಾಯುವವರು ಕುರಿ ಬಿಟ್ಟು ಓಡಿದರು. ಒಬ್ಬ ಮುದುಕ ಓಡಲಾಗದೆ ನಿಂತಲ್ಲೇ ಮುಖ ಮುಚ್ಚಿಕೊಂಡ. ಅವರ ತಪ್ಪೇನೂ ಇಲ್ಲ. ನಮ್ಮ ದೇಶದಲ್ಲಿ ಚಾಲಕ ಕೂರುವುದು ಬಲಗಡೆ. ಆ ಜಾಗದಲ್ಲಿ ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿದ, ಮುಖದ ಮೇಲೆ ಕೆಂಪು ಇಳಿದ ಹೆಂಗಸೊಬ್ಬಳು ಕೈ ಮಡಿಲಲ್ಲಿಟ್ಟು ಕೂತಿದ್ದಾಳೆ. ಗಾಡಿ ಸದ್ದಿಲ್ಲದೆ ಬರುತ್ತಿದೆ.

ಹೆಜ್ಜೆ ಸಪ್ಪಳ, ಕೂಗು ಕೇಳಿ ಜಲಜಾಕ್ಷಿ ಬಟ್ಟೆಯೊಳಗಿನಿಂದಲೇ ಕೇಳಿದಳು. "ಇವರೆಲ್ಲ ನಮ್ಮನ್ನು ನೋಡಿ ಯಾಕೆ ಓಡುದು?"

ರಾಯರು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದರು. "ನಮ್ಮನ್ನು ನೋಡಿ ಅಲ್ಲ. ನಮ್ಮ ಹಿಂದೆ ಇರುದನ್ನು ನೋಡಿ."

ಇಬ್ಬರೂ ಹಿಂದೆ ತಿರುಗಲಿಲ್ಲ. ಹಿಂದಿನ ಸೀಟು ಖಾಲಿಯಿತ್ತು. ಖಾಲಿಯಿತ್ತೆಂದು ಇಬ್ಬರೂ ನಂಬಿದ್ದರು. ಅಷ್ಟರಲ್ಲಿ ಒಂದು ಕಿರುಸೇತುವೆ ಬಂತು; ಅದರ ಮೇಲೆ ಗಾಡಿ ಮೂರನೆಯ ಸಲ ನಿಂತಿತು.

ಕರಾವಳಿಯವನಿಗೆ ಇಂಥ ಹೊತ್ತಿನಲ್ಲಿ ದೈವವಲ್ಲದೆ ಬೇರೇನೂ ಹೊಳೆಯುವುದಿಲ್ಲ. ಮೂರು ವರ್ಷದ ಹಿಂದೆ ಜಲಜಾಕ್ಷಿಗೆ ವಿಷಮಜ್ವರ ಬಂದಾಗ ರಾಯರು ಊರಿನ ದೈವಕ್ಕೆ ಬೆಳ್ಳಿಯ ಕತ್ತಿಯ ಹರಕೆ ಹೇಳಿಕೊಂಡಿದ್ದರು. ಗುಣವಾದ ಮೇಲೆ ಜಲಜಾಕ್ಷಿ ತನ್ನ ಬೆಳ್ಳಿಯ ಸೊಂಟಪಟ್ಟಿಯನ್ನೇ ಬಿಚ್ಚಿ ಕೊಟ್ಟಿದ್ದಳು. ಕತ್ತಿ ಊರಿಗೆ ಮುಟ್ಟಿತೆಂದು ಅವಳು ತಿಳಿದಿದ್ದಳು. ಮುಟ್ಟಿಲ್ಲವೆಂದು ತಿಳಿದಿದ್ದವರು ಇಬ್ಬರೇ: ರಾಯರು ಮತ್ತು ದೈವ.

ಯೇವಲಾ ದಾಟಿದ ಮೇಲೆ ರಸ್ತೆಯ ಬದಿಗೆ ಒಂದು ಗಾಡಿಜಾಡು, ಅದರ ಕೊನೆಯಲ್ಲಿ ಸಿಂದೂರ ಬಳಿದ ಕಲ್ಲುದೇವರು ಕಾಣಿಸಿತು. ರಾಯರು ಜಾಡಿಗೆ ತಿರುಗಿಸಿದರು. ಮುಂದಿನ ಚಕ್ರ ಕೆಸರಿನಲ್ಲಿದ್ದ ಕಲ್ಲಿಗೆ ತಾಗಿ ಗಾಡಿ ನಿಂತಿತು. ಇಂಜಿನ್ನು ಬಂದ್ ಮಾಡಬಾರದು, ಮಾಡಲಿಲ್ಲ. ಕಡ್ಡಿ 'ಡಿ' ಮೇಲೆಯೇ ಇತ್ತು. ಅದರ ಮಾತು ಹೇಳಲು ಬಂದವರ ಬಾಯಿಯನ್ನು ಅವರೇ ಮುಚ್ಚಿಸಿದ್ದರು. ದಾರಿಗೆಂದು ತಂದಿದ್ದ ತೆಂಗಿನಕಾಯಿ ಹಿಡಿದು ಇಳಿದರು. ಜಲಜಾಕ್ಷಿ ಒರಗಿಯೇ ಇದ್ದಳು.

ಇಪ್ಪತ್ತು ಹೆಜ್ಜೆ ಹೋಗಿರಬೇಕು. ಬೆನ್ನಹಿಂದೆ ಒದ್ದೆ ಜಲ್ಲಿ ಕರಕ್ ಎಂದಿತು.

ರಾಯರು ತಿರುಗಿದರು. ಕೆಸರಿನ ಕಲ್ಲು ಜಾರಿತ್ತು. ಎರಡು ದೀಪದ ಕಣ್ಣು ಬಿಟ್ಟುಕೊಂಡು ಗಾಡಿ ಬರುತ್ತಿತ್ತು. ಸ್ಟಿಯರಿಂಗಿನ ಹಿಂದೆ ಯಾರೂ ಇರಲಿಲ್ಲ. ಓಡಲು ಹೋದರೆ ಆ ಮಹಾಚಾಲಕರ ಎಡಗಾಲು ನಿಂತಲ್ಲೇ ಕ್ಲಚ್ಚು ಒತ್ತುತ್ತಿತ್ತು. ಹಿಂದೆ ಹಿಂದೆ ಹೆಜ್ಜೆ ಇಟ್ಟರು. ಚಕ್ರಗಳು ಜಾಡು ಹಿಡಿದಿದ್ದವು. ಜಾಡು ತಿರುಗಿದಲ್ಲಿ ರಾಯರು ತಿರುಗಿದರು, ಗಾಡಿಯೂ ತಿರುಗಿತು.

ಅವರು ಕಾಯಿ ಕೆಳಗೆ ಬಿಟ್ಟು ಕೈಮುಗಿದು, ಕಣ್ಣು ಮುಚ್ಚಿದರು.

"ತಪ್ಪಾಯ್ತು ಸ್ವಾಮಿ. ಬೆಳ್ಳಿಯ ಕತ್ತಿ ಮಾಡಿಸಲಿಲ್ಲ."

ಜಲ್ಲಿಯ ಸದ್ದು ಹತ್ತಿರವಾಯಿತು.

"ಸೊಂಟಪಟ್ಟಿ ಮಾರಿದೆ. ಆ ದುಡ್ಡನ್ನು ಪಿಂಪಳಗಾಂವ್ ಬಸವಂತಿನಲ್ಲಿ ನೀರುಳ್ಳಿ ಲಾರಿಯ ಡ್ರೈವರನಿಗೆ ಕೊಟ್ಟೆ. ಪ್ರತಿ ಸೋಮವಾರ ಅರ್ಧ ಗಂಟೆ ಸ್ಟಿಯರಿಂಗು ಹಿಡಿಲಿಕ್ಕೆ ಬಿಡ್ತಿದ್ದ."

ಸದ್ದು ಇನ್ನೂ ಹತ್ತಿರ ಬಂತು.

"ತ್ರ್ಯಂಬಕೇಶ್ವರಕ್ಕೆ ಹೋಗ್ತೇನೆ ಅಂತ ಮನೆಯಲ್ಲಿ ಹೇಳಿದ್ದು ಸುಳ್ಳು. ಮೂರು ವರ್ಷದಲ್ಲಿ ಒಂದು ಸಲವೂ ಹೋಗ್ಲಿಲ್ಲ. ಪ್ರಸಾದದ ಪೇಡೆ ಪಂಚವಟಿಯ ಅಂಗಡಿಯದ್ದು. ಅವಳು ಗೊರಕೆ ಹೊಡಿತಾಳೆ, ಇಲ್ಲ ಅಂತ ಹೇಳಿದ್ದೇನೆ. ಅದೂ ಸುಳ್ಳು."

ಸದ್ದು ನಿಂತಿತು. ಬಿಸಿ ಗಾಳಿ ರಾಯರ ಹೊಟ್ಟೆಗೆ ತಾಗುತ್ತಿತ್ತು.

"ಇನ್ನೆಂತ ಉಂಟು?" ಎಂದಿತು ಒಂದು ಸ್ವರ.

ರಾಯರು ಕಣ್ಣು ತೆರೆಯಲಿಲ್ಲ. "ಸ್ವಾಮಿ, ನಿಮ್ಮ ಸ್ವರ ನಮ್ಮ ಮನೆಯವಳ ಹಾಗೇ ಉಂಟು."

"ಮನೆಯವಳೇ."

ಕಣ್ಣು ಬಿಟ್ಟರು. ಜಲಜಾಕ್ಷಿ ಸೀಟಿನ ಮೇಲೆ ಜಾರಿ ಸ್ಟಿಯರಿಂಗಿನ ಹಿಂದೆ ಬಂದು, ಅಗಲದ ಪೆಡಲನ್ನು ಒತ್ತಿ ಹಿಡಿದು ಕೂತಿದ್ದಳು.

"ತ್ರ್ಯಂಬಕದಿಂದ ಬಂದ ಶಾಲಿಗೆ ನೀರುಳ್ಳಿ ನಾತ ಯಾಕೆ ಅಂತ ಮೂರು ವರ್ಷ ಯೋಚನೆ ಮಾಡಿದ್ದೆ" ಎಂದಳು. "ಹತ್ತಿ."

ರಾಯರು ಎಡಬಾಗಿಲಿಗೆ ಬಂದರು. ಅವಳು ಸರಿಯಲಿಲ್ಲ.

"ನಿನಗೆ ಬ್ರೇಕು ಹೇಗೆ ಗೊತ್ತಾಯ್ತು?"

"ಹಣೆ ಬಡಿದು ಬಗ್ಗಿದಾಗ ಎರಡು ಸಲವೂ ಕಂಡದ್ದು ನಿಮ್ಮ ಕಾಲು. ಏರು ಬಂದ ಕೂಡಲೇ ನಿಮ್ಮ ಎಡಗಾಲು ಇಲ್ಲದ ಕ್ಲಚ್ಚು ಹುಡುಕುದು, ಬ್ರೇಕಿಗೆ ಬೀಳುದು. ಅದಕ್ಕೆ ಭೂತ ಬೇರೆ ಬೇಕಾ?"

ರಾಯರು ಬಲಬಾಗಿಲಿನಿಂದ ಹತ್ತಿದರು. ಜಲಜಾಕ್ಷಿ ಎಡಗಾಲನ್ನು ಮಡಚಿ, ಮಣೆಯ ಮೇಲೆ ಕೂತ ಹಾಗೆ ತೊಡೆಯ ಕೆಳಗೆ ಹಾಕಿಕೊಂಡು, ಬಲಗಾಲೊಂದರಲ್ಲೇ ಗಾಡಿಯನ್ನು ರಸ್ತೆಗೆ ತಂದಳು. ಮೊದಲು ಎತ್ತಿನ ವೇಗ, ಆಮೇಲೆ ಕುದುರೆಯ ವೇಗ. ಬೇರೆ ಯಾರಿಗೂ ಓಡಿಸಲು ಬಾರದ ಗಾಡಿಯನ್ನೇ ಹುಡುಕಿ ತಂದ ರಾಯರ ಪಕ್ಕದಲ್ಲಿ, ಜನ್ಮದಲ್ಲಿ ಸೈಕಲ್ಲು ಮುಟ್ಟದವಳು ಸಾರು ತಿರುವಿದಷ್ಟು ಸಲೀಸಾಗಿ ಸ್ಟಿಯರಿಂಗು ತಿರುವುತ್ತಿದ್ದಳು. ಅವಳ ಪಕ್ಕದಲ್ಲಿ ರಾಯರ ಎಡಗಾಲು ಪ್ರತಿ ಏರಿಗೂ ನೆಲ ಒತ್ತುತ್ತಿತ್ತು.

"ತಲೆ ಕೆಡ್ತದೆ ನನಗೆ" ಎಂದಳು. "ಹಿಂದೆ ಹೋಗಿ ಕೂತ್ಕೊಳ್ಳಿ."

ಹೋದರು. ನಿಫಾಡ ಬಂತು. ಮಳೆ ಸುರುವಾಗಿತ್ತು. ಆಮೇಲೆ ಅವಳು ಮುಂದೆ ನೋಡುತ್ತಲೇ ಹೇಳಿದಳು.

"ಒಂದು ಗೊತ್ತಾಗಲಿಲ್ಲ. ಹುಣಸೆಮರದ ಹತ್ರ ನಿಮ್ಮ ಕಾಲು. ಗೋರಿಯ ಹತ್ರ ನಿಮ್ಮ ಕಾಲು. ಆ ಸೇತುವೆಯಲ್ಲಿ ಏರೇ ಇರಲಿಲ್ಲ. ನಾನು ಕಟ್ಟಿದ ಬಟ್ಟೆಯ ಕೆಳಗಿನ ಸಂದಿಯಲ್ಲಿ ನೋಡ್ತಾ ಇದ್ದೆ, ನಿಮ್ಮ ಎರಡೂ ಕಾಲು ಎಲ್ಲಿಯೂ ತಾಗಿರಲಿಲ್ಲ."

ರಾಯರು ಸೀಟಿನ ಅಂಚಿನಿಂದ ನಡುವಿಗೆ ಸರಿದರು. ಅಲ್ಲಿ ಸೀಟು ಯಾಕೋ ಬೆಚ್ಚಗಿತ್ತು. ಮತ್ತೆ ಅಂಚಿಗೆ ಬಂದರು. ನಾಸಿಕ ಮುಟ್ಟುವ ತನಕ ಅವರು ಆ ಕಡೆ ನೋಡಲಿಲ್ಲ.

ಬೆಳ್ಳಿಯ ಕತ್ತಿ ಆ ವಾರವೇ ಊರಿಗೆ ಹೊರಟಿತು. ಈ ಸಲ ರತ್ನಾಕರನ ಕೈಯಲ್ಲಿ, ರಸೀದಿ ತರಬೇಕೆಂಬ ಅಪ್ಪಣೆಯೊಂದಿಗೆ. ಮರಳಿ ಬಂದವನನ್ನು ಗಲ್ಲೆಯಲ್ಲಿ ಕೂರಿಸಲಾಯಿತು. ದೇವಳಾಲಿಯ ಜೀಪನ್ನು ಯಾರೋ ಕೊಂಡುಹೋದರು. ಗಾಡಿ ನೆಟ್ಟಗೆ ಮನೆಗೆ ಬಂದಿತ್ತಲ್ಲ ಎಂದು ರಾಯರು ಒಂದು ಸಲ ವಾದಿಸಿ ನೋಡಿದರು. "ತಂದದ್ದು ಯಾರು?" ಎಂದು ಜಲಜಾಕ್ಷಿ ಕೇಳಿದಳು. ಶ್ರಾವಣದಲ್ಲಿ ಅವಳಿಗೆ ಲೈಸನ್ಸೂ ಬಂತು. ಇಗತಪುರಿಯ ಆಚೆಯ ಕೆಸರುಗುಡ್ಡವನ್ನು ಆ ಗಾಡಿ ದಿನವೂ ಹತ್ತಿತು, ಒಂದು ಇಡ್ಲಿಯೂ ತಣ್ಣಗಾಗಲಿಲ್ಲ.

ಮರುವರ್ಷ ನಾಸಿಕದ ಕನ್ನಡಿಗರ ಯುಗಾದಿ ಊಟಕ್ಕೆ ವಿಶ್ವನಾಥಪ್ಪನವರು ಔರಂಗಾಬಾದಿನಿಂದ ಬಂದಿದ್ದರು. ಅವರಿಗೂ ಗುಡ್ಡದ ಮೇಲಿನ ಹೊಲಕ್ಕೆ ಒಂದು ಗಾಡಿ ಬೇಕಾಗಿತ್ತು. ಪಂಕ್ತಿಯಲ್ಲಿ ಎಲ್ಲರೂ ಕೇಳುವಂತೆ, ತುಂಬ ಗೌರವದಿಂದ ಕೇಳಿದರು.

"ರಾಯರ, ಮಳಿಗಾಲದಿಂದ ದಿನಾ ಗುಡ್ಡ ಹತ್ತೀರಿ. ನಿಮ್ಮಷ್ಟ ತಿಳದವ್ರು ಈ ಕಡಿ ಯಾರೂ ಇಲ್ಲ. ಗೇರ ಹಾಕೋ ಗಾಡಿ ಛಲೋನೋ, ತಾನೇ ಬೀಳೋದು ಛಲೋನೋ?"

ಪಂಕ್ತಿ ತುತ್ತು ನಿಲ್ಲಿಸಿ ಕಾಯಿತು. ರಾಯರು ಎಲೆಯ ಮೇಲಿನ ಹೋಳಿಗೆಯನ್ನು ನೋಡಿದರು. ಹೆಂಗಸರ ಪಂಕ್ತಿಯತ್ತ ಒಮ್ಮೆ ನೋಡಿದರು.

"ನನಗೆ ಗೊತ್ತಿಲ್ಲ ಮಾರಾಯ್ರೆ" ಎಂದರು. "ನಾನು ಹಿಂದೆ ಸಾಂಬಾರಿನ ಪಾತ್ರೆ ಹಿಡ್ಕೊಂಡು ಕೂತ್ಕೊಳ್ಳುದು."