ಮಗನಿಗೊಂದು ಪಾಲಿಸಿ, ನನ್ನ ಬಾಯಿಗೊಂದು ಬೀಗ

ಅರೆಕೆರೆಯಲ್ಲಿ ಇಷ್ಟೊಂದು ಮನೆಗಳಿವೆ, ಆದರೆ ಫಜೀತಿ ಅನ್ನೋದು ವಿಳಾಸ ಕೇಳ್ಕೊಂಡು ನಮ್ಮ ಮನೆಗೇ ಬರುತ್ತೆ. ಹೋಗು ಅಂದ್ರೂ ಹೋಗಲ್ಲ, ಕಾಫಿ ಕುಡಿದೇ ಹೋಗೋದು. ನಾನು ಶಾಲೆ ಕಂಡವನಲ್ಲ. ಅಕ್ಷರ ಕಲಿತದ್ದು ಬನ್ನೇರುಘಟ್ಟ ರೋಡಲ್ಲಿ ಓಡೋ ಬಸ್ಸುಗಳ ಬೋರ್ಡು ನೋಡಿ. ಈ ಏರಿಯಾ ಪೂರ್ತಿ ಹೊಲವಾಗಿದ್ದಾಗ ಚಿರತೆಯನ್ನ ಬಾಲ ಹಿಡಿದು ಗಿರಗಿರನೆ ತಿರುಗಿಸಿ ಬನ್ನೇರುಘಟ್ಟದ ಕಾಡಿಗೆ ವಾಪಸ್ ಎಸೆದವನು ನಾನು. ಅಂಥವನಿಗೆ ಮಗನ ಹೆಸರಲ್ಲಿ ಒಂದು ಇನ್ಶೂರೆನ್ಸ್ ಮಾಡಿಸೋದ್ರೊಳಗೆ ಜೀವ ಬಾಯಿಗೆ ಬಂತು.

ಪ್ಲಾಸ್ಟಿಕ್ ಕುರ್ಚಿ

ನನ್ನ ಮಗ ನೀರಿನ ಟ್ಯಾಂಕರ್ ಓಡಿಸ್ತಾನೆ. ಹೋದ ಬೇಸಿಗೆಯಲ್ಲಿ ಒಂದು ಏರು ರಸ್ತೇಲಿ ಬ್ರೇಕ್ ಹೋಗಿ, ತುಂಬಿದ ಟ್ಯಾಂಕರು ಹಿಂದಕ್ಕೆ ಜಾರಿ ಯಾರದೋ ಕಾಂಪೌಂಡಿಗೆ ಗುದ್ದಿ ನಿಂತಿತು. ಇವನು ಹಾರಿಕೊಂಡ, ಮೊಣಕೈ ತರಚಿತು ಅಷ್ಟೆ. ನಾನು ಬೀದಿಯವರಿಗೆಲ್ಲ ನನ್ನ ಮಗ ಟ್ಯಾಂಕರನ್ನ ಬೆನ್ನು ಕೊಟ್ಟು ನಿಲ್ಲಿಸಿದ ಅಂತ ಹೇಳ್ಕೊಂಡು ಬಂದೆ. ರಕ್ತದಲ್ಲೇ ಇದೆ, ಏನು ಮಾಡೋದು.

ಮನೆಗೆ ಬಂದರೆ ಸೊಸೆ ಎರಡು ಹೆಣ್ಣುಮಕ್ಕಳನ್ನ ಮಡಿಲಲ್ಲಿ ಹಾಕ್ಕೊಂಡು ಕೂತಿದ್ದಾಳೆ. ಜಮೀನೆಲ್ಲ ಲೇಔಟ್ ಆಗಿ, ಅಣ್ಣತಮ್ಮಂದಿರ ಪಾಲಾಗಿ, ನನಗೆ ಉಳಿದದ್ದು ಈ ಮನೆ, ಮೇಲೊಂದು ಶೀಟಿನ ರೂಮು. ಅದರ ಬಾಡಿಗೆ ನನ್ನ ಮಂಡಿ ಮಾತ್ರೆಗೇ ಸರಿಹೋಗುತ್ತೆ. ಮನೆ ನಡೆಯೋದು ಆ ಟ್ಯಾಂಕರಿಂದ.

"ಇವ್ರಿಗೇನಾದ್ರೂ ಆಗಿದ್ರೆ ಈ ಮಕ್ಕಳ ಗತಿ ಏನು ಮಾವ?" ಅಂದ್ಲು.

"ನಾನಿಲ್ವೇನಮ್ಮ?" ಅಂತ ಎದೆ ಉಬ್ಬಿಸಿ ಎದ್ದೆ. ಪ್ಲಾಸ್ಟಿಕ್ ಕುರ್ಚಿನೂ ನನ್ನ ಜೊತೆಗೇ ಎದ್ದಿತು. ಸೊಸೆ ಕಣ್ಣೊರೆಸಿಕೊಂಡು ಬಂದು, ನನ್ನ ಹಿಂದಿನಿಂದ ಕುರ್ಚಿ ಎಳೆದು ಬಿಡಿಸಿ, ಮತ್ತೆ ಹೋಗಿ ಅಳೋಕೆ ಕೂತಳು.

ಮುಯ್ಯಿ

ನಮ್ಮನೇಲಿ ಪಾಲಿಸಿಗೇನು ಬರ ಇರಲಿಲ್ಲ. ನನ್ನ ಷಡ್ಡಕನೇ ಇನ್ಶೂರೆನ್ಸ್ ಏಜೆಂಟು. ನಮ್ಮ ಕಡೆ ನೆಂಟ ಪಾಲಿಸಿ ತಂದರೆ ಯಾವುದು, ಎಷ್ಟು ಅಂತ ಆರಿಸೋದಿಲ್ಲ, ಮದುವೆ ಮನೇಲಿ ಮುಯ್ಯಿ ಮಾಡಿದ ಹಾಗೆ ತಗೊಳ್ಳೋದು. ಗೃಹಪ್ರವೇಶಕ್ಕೆ ಅವನು ಪಂಚೆ ಹೊದಿಸಿದ, ನಾನೂ ನಮ್ಮವಳೂ ಒಂದೊಂದು ಪಾಲಿಸಿ ತಗೊಂಡ್ವಿ. ದೊಡ್ಡ ಮೊಮ್ಮಗಳ ನಾಮಕರಣಕ್ಕೆ ಬೆಳ್ಳಿ ಕಾಲ್ಗೆಜ್ಜೆ ತಂದ, ಇನ್ನೊಂದು ತಗೊಂಡ್ವಿ. ಚಿಕ್ಕವಳಿಗೆ ಬರೀ ಫ್ರಾಕ್ ತಂದ, ಆದರೂ ತಗೊಂಡ್ವಿ.

ಮೇಲಿನ ರೂಮಲ್ಲಿ ಬಾಡಿಗೆಗಿರೋ ಹುಡುಗಿ ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಒಂದು ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ. ಅವಳನ್ನ ಕರೆದು, ಟ್ರಂಕು ತೆಗೆದು, ನೋಡಮ್ಮ ನಮ್ಮ ಆಸ್ತಿ ಅಂದೆ. ಅವಳು ಒಂದೊಂದೇ ತಿರುವಿ ಹಾಕಿದಳು. ಒಂದು ನನ್ನದು, ಒಂದು ನಮ್ಮವಳದು, ಉಳಿದವು ಮೊಮ್ಮಕ್ಕಳದು.

"ಅಜ್ಜಾರ, ದುಡಿಯೋರ ಹೆಸರಿಲೆ ಒಂದೂ ಇಲ್ಲಲ್ರೀ?"

ಹೌದು, ಇರಲಿಲ್ಲ. ಹೇಗಿರುತ್ತೆ? ದುಡಿಯೋ ಮಗನನ್ನ ಎದುರಿಗೆ ಕೂರಿಸ್ಕೊಂಡು ನೀನು ಸತ್ತರೆ ಎಷ್ಟು ಬರುತ್ತಪ್ಪ ಅಂತ ಯಾರಾದ್ರೂ ಮಾತಾಡ್ತಾರಾ? ಷಡ್ಡಕ ಅವನ ಹೆಸರೆತ್ತಿದಾಗಲೆಲ್ಲ ನಮ್ಮವಳು ಮುಖ ತಿರುಗಿಸ್ತಿದ್ದಳು, ಅವನು ತೊಟ್ಟಿಲಲ್ಲಿದ್ದವರ ಹೆಸರು ಬರ್ಕೊಂಡು ಹೋಗ್ತಿದ್ದ. ಹಾಲು ಕೊಡೋ ಹಸು ಬಿಟ್ಟು ಕೊಟ್ಟಿಗೆ ಬೆಕ್ಕಿಗೆ ಹಗ್ಗ ಹಾಕಿದ ಹಾಗಾಗಿತ್ತು ನಮ್ಮ ಕಥೆ.

ಸಿಟ್ಟಲ್ಲಿ ಷಡ್ಡಕನಿಗೆ ಫೋನ್ ಮಾಡಿ, ಏನೋ ಹಿಂಗೆ ಮಾಡಿದ್ದೀಯ ಅಂದೆ.

"ಸುಮ್ನಿರಣ್ಣ, ನಿಮ್ಮನೆ ಹಸೂಗೂ ಮಾಡಿಸ್ಕೊಟ್ಟಿದ್ದೆ, ಅದನ್ನ ಯಾಕೆ ಹೇಳಲ್ಲ?"

ಹುಡುಗಿ ಕಲಿತ ಮಾತು

ಆ ಹುಡುಗಿ ಒಂದು ಭಾನುವಾರ ಕೆಳಗೆ ಬಂದು ಎಲ್ಲರನ್ನೂ ಕೂರಿಸ್ಕೊಂಡು ವಿವರಿಸೋಕೆ ಶುರು ಮಾಡಿದಳು. ನನ್ನ ಮಗನ ಕಡೆ ನೋಡಿ, ಅಣ್ಣಾರು ಸತ್ರ ಅಂದದ್ದೇ ತಡ, ನಮ್ಮವಳು "ಬಿಡ್ತು ಅನ್ನು" ಅಂದ್ಲು. ನಮ್ಮನೇಲಿ ಯಾರ ಬಾಯಲ್ಲಾದ್ರೂ ಕೆಟ್ಟ ಮಾತು ಬಂದರೆ ಅಲ್ಲೇ ಬಿಡ್ತು ಅನ್ನಬೇಕು, ಇಲ್ಲದಿದ್ದರೆ ಆ ಮಾತು ಅಂಟಿಕೊಳ್ಳುತ್ತೆ. ಹುಡುಗಿ ಬಿಡ್ತು ಅಂದು, ಅಣ್ಣಾರು ಇಲ್ಲದಾಗ ಅಂದ್ಲು. ಮತ್ತೆ ಬಿಡ್ತು. ಅಣ್ಣಾರಿಗೆ ಏನಾರ ಆದ್ರ ಅಂದ್ಲು. ಅದಕ್ಕೂ ಬಿಡ್ತು. ಕೊನೆಗೆ ಪಾಪ, ಅಣ್ಣಾರು ಭಾಳ ದೂರದ ಊರಿಗೆ ಹೋದ್ರ ಅಂತ ಶುರು ಮಾಡಿದಳು. ನಮ್ಮವಳು, ಟ್ಯಾಂಕರ್ ಯಾರು ನೋಡ್ಕೋತಾರೆ ಅಂತ ಕೇಳಿದಳು.

ಮಗ ತನ್ನ ಸಾವಿನ ಲೆಕ್ಕ ಕೇಳ್ತಾ ಕೇಳ್ತಾ ಕಡ್ಲೆಕಾಯಿ ಬಿಡಿಸ್ತಿದ್ದ. ಸೊಸೆ ಮಾತ್ರ ಗಟ್ಟಿಯಾಗಿ ಕೂತು, ಚಿಕ್ಕವಳು ಓದಿ ಮುಗಿಸೋವರೆಗೆ ಮನೆ ನಡೀಬೇಕು, ಟ್ಯಾಂಕರ್ ಸಾಲ ತೀರಬೇಕು, ಅಷ್ಟು ಬರೋದು ಯಾವುದೋ ಅದು ಹೇಳು ಅಂದ್ಲು. ಅಂಥದ್ದು ಒಂದು ಇದೆ, ಆದರೆ ಅಣ್ಣಾರು ಚಂದಾಗಿದ್ರ ಕಟ್ಟಿದ ರೊಕ್ಕ ವಾಪಸ್ ಬರೂದಿಲ್ಲ ಅಂದ್ಲು ಹುಡುಗಿ. ನನಗೆ ಮೈಯೆಲ್ಲ ಉರೀತು. ಕಟ್ಟೋದೂ ನಾವೇ, ಕಳ್ಕೊಳ್ಳೋದೂ ನಾವೇನಾ ಅಂದೆ.

ನಮ್ಮವಳು ನನ್ನ ಕಡೆ ತಿರುಗಿ, "ಹರಕೆ ಹುಂಡಿಗೆ ಹಾಕಿದ್ದನ್ನ ಮಗ ಚೆನ್ನಾಗಿದ್ದಾನೆ ಅಂತ ವಾಪಸ್ ಕೇಳ್ತೀರಾ? ತಗೊಳ್ಳಿ ಸುಮ್ನೆ" ಅಂದ್ಲು. ಷಡ್ಡಕನಿಗೆ ಇಷ್ಟು ವರ್ಷದಲ್ಲಿ ಆಗದ ಕೆಲಸ ಅವಳ ಒಂದು ಮಾತಲ್ಲಿ ಆಯ್ತು.

ಹುಡುಗಿಗೆ ಬಾಯಿಗೆ ರೂಢಿಯಾಗಿಬಿಟ್ಟಿತ್ತು. ಏಳುವಾಗ, "ಹೋಗಿ ಬರ್ತೀನ್ರಿ ಅಮ್ಮಾರ, ಬಿಡ್ತು" ಅಂದು ಮೆಟ್ಟಿಲು ಹತ್ತಿದಳು.

ನಿಂತುಹೋದ ಗುಂಡಿಗೆ

ಆಮೇಲೆ ಕಂಪನಿಯ ಡಾಕ್ಟರಮ್ಮನ ಫೋನು. ಮಗನ ಆರೋಗ್ಯ ವಿಚಾರಿಸಬೇಕಂತೆ. ಅವನು ಮುದ್ದೆಗೆ ಕೈ ಹಾಕಿದ್ದ, ಸ್ಪೀಕರ್ ಹಾಕಿ ನಡುವೆ ಇಟ್ಟ. ಸಿಗರೇಟು ಇಲ್ಲ, ಕುಡಿತ ಇಲ್ಲ, ಶುಗರ್ ಇಲ್ಲ. ಎಲ್ಲ ಸಲೀಸಾಗಿ ಹೋಗ್ತಿತ್ತು. ತಂದೆಗೆ ಹಾರ್ಟ್ ಪ್ರಾಬ್ಲಂ ಏನಾದ್ರೂ ಇತ್ತಾ ಅಂದ್ಲು. ಇವನು ತುತ್ತು ನುಂಗ್ತಾ, "ಅಪ್ಪಂಗಾ? ಏನೂ ಇಲ್ಲ ಮೇಡಂ" ಅಂದ.

ನನ್ನ ಬಗ್ಗೆ, ನನ್ನ ಎದುರಿಗೇ, ಏನೂ ಇಲ್ಲ ಅಂತೆ!

"ಡಾಕ್ಟರಮ್ಮ, ಇವನಿಗೇನು ಗೊತ್ತು, ನನ್ನ ಗುಂಡಿಗೆ ಒಂದ್ಸಲ ನಿಂತೇಹೋಗಿತ್ತು" ಅಂದೆ. ಮಗ ಕಣ್ಣು ಬಿಟ್ಟ, ನಾನು ನೋಡಲಿಲ್ಲ. ಅರೆಕೆರೆ ಕೆರೇಲಿ ಮುಳುಗಿ ಹುಳಿಮಾವು ಕೆರೇಲಿ ಎದ್ದ ಕಥೆ ಹೇಳಿದೆ. ಅರ್ಧ ದಾರೀಲಿ, ನೀರೊಳಗೆ, ಗುಂಡಿಗೆ ನಿಂತಿತು. ಪಂಪ್‌ಸೆಟ್ಟಿನ ಡೀಸೆಲ್ ಇಂಜಿನ್ನಿಗೆ ಹ್ಯಾಂಡಲ್ ಹಾಕಿದ ಹಾಗೆ ಎದೆಗೆ ಗುದ್ದಿ ಗುದ್ದಿ ಮತ್ತೆ ಸ್ಟಾರ್ಟ್ ಮಾಡ್ಕೊಂಡೆ ಅಂದೆ.

"ಆಗ ವಯಸ್ಸೆಷ್ಟು ಅಂಕಲ್? ಎದೆ ನೋವಿತ್ತಾ? ಆಮೇಲೆ ಮತ್ತೆ ಆಗಿತ್ತಾ?"

ನನ್ನ ಕಣ್ಣಲ್ಲಿ ನೀರು ಬಂತು. ಈ ಮನೇಲಿ ನನ್ನ ಕಥೆ ಕೇಳಿ ಆಮೇಲೆ ಏನಾಯ್ತು ಅಂತ ಯಾರೂ ಕೇಳಿದವರಲ್ಲ. ಈ ಮಹಾತಾಯಿ ಒಂದೊಂದೂ ಕೇಳಿದಳು. ನಾನೂ ಕೈ ಬಿಗಿ ಮಾಡಲಿಲ್ಲ. ಗುಂಡಿಗೇನ ಮತ್ತೆ ಎರಡು ಸಲ ನಿಲ್ಲಿಸಿದೆ.

ಸ್ವಲ್ಪ ದಿನಕ್ಕೆ ಬಾಡಿಗೆ ಹುಡುಗಿ ಬಾಡಿದ ಮುಖ ಹೊತ್ತು ಕೆಳಗಿಳಿದು ಬಂದಳು. ಅರ್ಜಿ ನಿಂತುಬಿಟ್ಟಿದೆ, ತಂದೆಗೆ ಮೂರು ಸಲ ಹಾರ್ಟ್ ಅಟ್ಯಾಕ್ ಆಗಿದೆಯಂತೆ, ಆಸ್ಪತ್ರೆ ಪೇಪರ್ ಬೇಕಂತೆ ಅಂದ್ಲು. ಮಗ ಕೀ ತಗೊಂಡು ಅದೇ ಟ್ಯಾಂಕರ್ ಹತ್ತಿ ಹೋದ. ಅವನು ವಾಪಸ್ ಬರೋವರೆಗೆ ಸೊಸೆ ಗೇಟ್ ಹತ್ತಿರವೇ ನಿಂತಿದ್ದಳು. ನಾನು ಕೂತು ಯೋಚನೆ ಮಾಡಿದೆ, ಕೆರೆ ಡಿಸ್ಚಾರ್ಜ್ ಸಮ್ಮರಿ ಕೊಡುತ್ತಾ?

ಬೀಗ

ಹುಡುಗಿ ಕೈಕಾಲು ಹಿಡಿದು ಡಾಕ್ಟರಮ್ಮನ ಹತ್ತಿರ ಇನ್ನೊಂದು ಸಲ ಫೋನ್ ಮಾಡಿಸಿದಳು. ಎಲ್ಲರೂ ನನ್ನ ಸುತ್ತ ಕೂತರು. ಮೊಮ್ಮಕ್ಕಳಿಬ್ಬರೂ ಇದ್ದರು, ಅದೇ ಸಂಕಟ. ನನ್ನ ಮಾತು ನಂಬ್ತಿದ್ದದ್ದು ಅವೆರಡೇ.

"ಅಂಕಲ್, ಹಾರ್ಟ್ ನಿಂತಿದ್ದು..."

"ಇಲ್ಲಮ್ಮ."

"ಹುಳಿಮಾವು ಕೆರೆ?"

"ಬಸ್ಸಲ್ಲಿ ಹೋಗಿದ್ದೆ."

"ನಿಮಗೆ ಬೇರೆ ಏನೂ ಆಗಿಲ್ವಾ?"

ಚಿಕ್ಕ ಮೊಮ್ಮಗಳು ನನ್ನ ಮುಖವನ್ನೇ ನೋಡ್ತಿದ್ದಳು. "ಏನೂ ಆಗಿಲ್ಲಮ್ಮ. ಹುಟ್ಟಿದೆ, ಸೊಪ್ಪು ಬೆಳೆದೆ, ಮಾರಿದೆ, ಮದುವೆಯಾದೆ" ಅಂದೆ.

ಡಾಕ್ಟರಮ್ಮನಿಗೆ ನಂಬಿಕೆ ಬರಲಿಲ್ಲ. ಸುಳ್ಳು ಹೇಳಿದಾಗ ನಂಬಿದವಳು ನಿಜ ಹೇಳಿದಾಗ ಅನುಮಾನ ಪಟ್ಟಳು. ಮನೇಲಿ ಬೇರೆ ಯಾರಿಗಾದ್ರೂ ಗೊತ್ತಾ ಅಂದ್ಲು. ನಮ್ಮವಳು ಫೋನ್ ಕಿತ್ಕೊಂಡು, "ಮದುವೆಯಾದ ದಿನದಿಂದ ಕೇಳ್ತಿದ್ದೀನಿ ತಾಯಿ, ಒಂದೂ ನಿಜ ಅಲ್ಲ. ಶೀತ ಆದ್ರೆ ಮೂರು ದಿನ ಮಲಗೋ ಆಸಾಮಿ" ಅಂದ್ಲು. ಹಾಗಾದ್ರೆ ಗುಂಡಿಗೆ ನಿಂತಿಲ್ಲ ಅಂತ ಬರ್ಕೊಳ್ಲಾ ಅಂತ ಡಾಕ್ಟರಮ್ಮ ಕೇಳಿದ್ರೆ, ನಮ್ಮವಳು ಮೊದಲು ಬಿಡ್ತು ಅನ್ನಿ ಅಂದ್ಲು. ಅಷ್ಟು ಓದಿದ ಡಾಕ್ಟರಮ್ಮ ಆ ಕಡೆಯಿಂದ ಬಿಡ್ತು ಅಂದ್ಲು.

ಮಗನಿಗೆ ಒಂದೆರಡು ಪರೀಕ್ಷೆ ಮಾಡಿಸಿದ ಮೇಲೆ ಪಾಲಿಸಿ ಬಂತು. ಸೊಸೆ ಅದನ್ನ ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಆವತ್ತು ಎಷ್ಟೋ ದಿನದ ಮೇಲೆ ಕೂತು ಊಟ ಮಾಡಿದಳು. ನನಗೂ ಮನಸ್ಸು ಹಗುರಾಯ್ತು, ಚಿಕ್ಕ ಮೊಮ್ಮಗಳನ್ನ ಕರೆದು, ಬಾರವ್ವ ಚಿರತೆ ಕಥೆ ಹೇಳ್ತೀನಿ ಅಂದೆ.

ಬಾಡಿಗೆ ಹುಡುಗಿ ಮೆಟ್ಟಿಲ ಮೇಲಿಂದಲೇ ಕೈ ಮುಗಿದಳು. "ಅಜ್ಜಾರ, ಫೋನೆಲ್ಲ ರೆಕಾರ್ಡ್ ಆಗ್ಯಾವ್ರಿ. ನಿಮಗ ಏನೂ ಆಗಿಲ್ಲ ಅಂದೀರಿ. ಇನ್ನ ಪಾಲಿಸಿ ಮುಗಿಯೋತನಕ ಏನೂ ಆಗಿರಬಾರದ್ರಿ."

ಪಾಲಿಸಿ ಯಾವಾಗಮ್ಮ ಮುಗಿಯೋದು ಅಂದೆ. ಅಣ್ಣಾರಿಗೆ ಅರವತ್ತು ತುಂಬಿದಾಗ ಅಂದ್ಲು. ಅಂದ್ರೆ ಅಲ್ಲಿವರೆಗೆ ನಾನು ಬಸ್ಸಲ್ಲಿ ಹುಳಿಮಾವಿಗೆ ಹೋಗಿಬಂದ ಮುದುಕ, ಅಷ್ಟೆ. ಚಿರತೆ ಕಾಡಲ್ಲೇ ಇರಬೇಕು.

"ಅಷ್ಟೊತ್ತಿಗೆ ನಾನೇ ಸತ್ತುಹೋಗಿರ್ತೀನಿ" ಅಂದೆ.

ಅಡುಗೆಮನೆಯಿಂದ ನಮ್ಮವಳು, ಮೆಟ್ಟಿಲಿಂದ ಹುಡುಗಿ, ದೇವರ ಮುಂದಿಂದ ಸೊಸೆ, ಮೂವರೂ ಒಟ್ಟಿಗೇ, "ಬಿಡ್ತು ಅನ್ನಿ" ಅಂದ್ರು.

ಅಂದೆ. ಇನ್ನೇನು ಅನ್ನೋಕೆ ನನಗೆ ಪರ್ಮಿಶನ್ ಇದೆ?