ಏಳನೇ ಸಾಲಿಗೆ ರೋಗ ಬಾರದ ಪ್ರಕರಣ

ಸೊರಗು ರೋಗವನ್ನು ತಾಳಿಕೊಳ್ಳುವ ಹತ್ತಿ ತಳಿಯನ್ನು ಆರಿಸಬೇಕಾದರೆ, ಆ ತಳಿಗೆ ರೋಗ ಬಂದ ದಿನಾಂಕವನ್ನು ನಮೂನೆ ಹದಿನಾಲ್ಕರಲ್ಲಿ ಕಡ್ಡಾಯವಾಗಿ ತುಂಬತಕ್ಕದ್ದು. ಈ ನಿಯಮ ಬರೆದವನು ನಾನೇ, ಹತ್ತಿ ಸಂಶೋಧನಾ ಕೇಂದ್ರದ ಹಿರಿಯ ಗುಮಾಸ್ತ. ಹೊಗಳಿಕೊಳ್ಳಬಾರದು, ಆದರೂ ಒಳ್ಳೆಯ ನಿಯಮ.

ಕೇಂದ್ರದ ಹಿಂದೆ ತಳಿಗಳ ಪರೀಕ್ಷೆಗೆಂದೇ ಒಂದು ತಾಕು ಇದೆ. ಅಲ್ಲಿನ ಮಣ್ಣಿನಲ್ಲಿ ನಾವೇ ಮುತುವರ್ಜಿಯಿಂದ ರೋಗವನ್ನು ಸಾಕಿದ್ದೇವೆ. ಈ ಸಲ ಹನ್ನೆರಡು ಸಾಲಿನಲ್ಲಿ ಹನ್ನೆರಡು ತಳಿ ಬಿತ್ತಿದೆವು. ಹನ್ನೊಂದು ಸಾಲು ನಿಯಮಾನುಸಾರ ಸೊರಗಿ ಸತ್ತವು. ಏಳನೆಯದು ಮಾತ್ರ ಎದೆಯುದ್ದ ಬೆಳೆದು, ಹಚ್ಚಗೆ ನಿಂತು, ಕಾಯಿ ಒಡೆದು ಹತ್ತಿ ತೋರಿಸಿತು. ಇಂಥ ಉದ್ಧಟತನ ನನ್ನ ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ.

ಆ ತಳಿಯನ್ನು ಹನ್ನೊಂದು ವರ್ಷ ಕಷ್ಟಪಟ್ಟು ರೂಪಿಸಿದ ವಿಜ್ಞಾನಿ ಮೇಡಂ ಓಡೋಡಿ ಬಂದರು. ತಿಂಗಳ ಕೊನೆಗೆ ಅವರ ನಿವೃತ್ತಿ. ಅಷ್ಟರೊಳಗೆ ಮಂಜೂರಾಗದಿದ್ದರೆ ತಳಿಯನ್ನು ಬೀಜಸಮೇತ ಸುಡತಕ್ಕದ್ದು.

"ರೋಗವೇ ಬರಲಿಲ್ಲ ಕಣ್ರೀ!" ಎಂದರು. ಸಂತೋಷಕ್ಕೆ ಕಣ್ಣಲ್ಲಿ ನೀರು.

"ಅಯ್ಯೋ, ಹಾಗಾದ್ರೆ ದಿನಾಂಕ?" ಎಂದೆ.

"'ಬಂದಿಲ್ಲ' ಅಂತ ಬರ್ಕೊಳ್ಳಿ."

"ಆ ಜಾಗದಲ್ಲಿ ಅಂಕಿ ಮಾತ್ರ ಹಿಡಿಸುತ್ತೆ ಮೇಡಂ."

ನಿರ್ದೇಶಕರು ಕಡತ ನೋಡಿ ನ್ಯಾಯವಾಗಿಯೇ ಕೇಳಿದರು: "ರೋಗಾನೇ ಬರದ ಗಿಡ ರೋಗ ತಾಳುತ್ತೆ ಅಂತ ಯಾವ ಧೈರ್ಯದ ಮೇಲೆ ಹೇಳೋದಮ್ಮ?" ಏಳನೇ ಸಾಲಿಗೆ ಕಾಯಿಲೆ ಬೀಳಲು ಹದಿನೈದು ದಿನಗಳ ಕಾಲಾವಕಾಶ ನೀಡಿ, ನೋಟಿಸನ್ನು ಸಾಲಿನ ಗೂಟಕ್ಕೆ ಅಂಟಿಸಲಾಯಿತು.

ಮೇಡಂ ದಿನಾ ಬೆಳಿಗ್ಗೆ ಗಿಡಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಂಗಲಾಚುತ್ತಿದ್ದರು. "ಒಂದೇ ಒಂದು ಎಲೆ ಬಾಡಿಸೇ, ನನ್ನ ಬಂಗಾರ. ನಿನ್ನ ದಮ್ಮಯ್ಯ." ಗಿಡ ಇನ್ನೆರಡು ಹೂ ಬಿಟ್ಟಿತು. ನನಗೂ ಕರುಳು ಚುರ್ ಎಂದಿತು. ಆದರೆ ನಮೂನೆಯಲ್ಲಿ ಕರುಳಿಗೆ ಕಲಂ ಇಲ್ಲ.

ಹದಿನಾರನೇ ದಿನ ಏಳನೇ ಸಾಲನ್ನು ಅಸಹಕಾರದ ಕಾರಣಕ್ಕೆ ಕಿತ್ತು, ಬೀಜದೊಂದಿಗೆ ಸುಡಲಾಯಿತು. ಮೇಡಂ ಬಿಕ್ಕಿ ಬಿಕ್ಕಿ ಅತ್ತರು. ಎಲ್ಲ ಕಲಂಗಳೂ ತುಂಬಿದ್ದ ಎರಡನೇ ಸಾಲಿನ ತಳಿ ಅವಿರೋಧವಾಗಿ ಮಂಜೂರಾಯಿತು. ಅದಕ್ಕೆ ರೋಗ ಬಂದದ್ದು ಮೂವತ್ತನೇ ದಿನ, ಸತ್ತದ್ದು ಮೂವತ್ತೇಳನೇ ದಿನ.

ಮೇಡಂ ನಿವೃತ್ತಿಯ ದಿನವೇ, ಗೋದಾಮಿನಲ್ಲಿ ಉಳಿದಿದ್ದ ಅದರ ಬೀಜದ ಹಂಚಿಕೆ. ಒಬ್ಬ ರೈತ ಕೇಳಿದ: "ಇದು ಸತ್ತೇ ಹೋಗುತ್ತಲ್ಲ ಸ್ವಾಮಿ?"

"ಹೌದು. ಮೂವತ್ತೇಳನೇ ದಿನ. ಒಂದು ದಿನ ಆಚೀಚೆ ಆಗಲ್ಲ," ಎಂದೆ.

ಆತ ಬೆರಳು ಮಡಚಿ ಎಣಿಸಿದ. "ಪರವಾಗಿಲ್ಲ ಬಿಡಿ. ಹಿಂದಿನ ತಳಿ ಯಾವತ್ತು ಸಾಯುತ್ತೋ ಅಂತ ಕಾಯ್ತಾ ಬೀಗರ ಮನೆಗೂ ಹೋಗೋಕಾಗ್ತಿರಲಿಲ್ಲ. ಎರಡು ಚೀಲ ಕೊಡಿ."

ಮೇಡಂ ಕಣ್ಣೊರೆಸಿಕೊಂಡು, ತಾವೇ ತೂಗಿ ಕೊಟ್ಟರು.